ಎಲ್ಲ ಟ್ರಾನ್ಸಾಕ್ಷನ್ ಒಳಗೇ ಇದೆ ಸರ್

ದಾಸ್ತಾನಿದ್ದದ್ದು ಐದು ಪೆಟ್ಟಿಗೆ, ಮಾರಿದ್ದು ಏಳು. ಅಷ್ಟಾದರೂ ಡೇಟಾಬೇಸ್‌ನ ಟೇಬಲ್ಲು ಇನ್ನೂ ಒಂದು ಉಳಿದಿದೆ ಅಂತ ತೋರಿಸುತ್ತಿತ್ತು! ಮೈನಸ್‌ಗೆ ಇಳಿದಿದ್ದರೆ ಯಾವುದಾದರೂ ಅಲರ್ಟ್ ಕೂಗಿಕೊಳ್ಳುತ್ತಿತ್ತು. ಒಂದು ಅನ್ನೋದು ಮರ್ಯಾದಸ್ಥ ಸಂಖ್ಯೆ, ಯಾರಿಗೂ ಅನುಮಾನ ಬರಲಿಲ್ಲ. ಸೋಮವಾರ ಗೋದಾಮಿನಿಂದ ಫೋನ್ ಬಂದ ಮೇಲೆಯೇ ಗೊತ್ತಾಗಿದ್ದು.

ಕೋಡ್ ಬರೆದ ಹುಡುಗ ಸ್ಕ್ರೀನ್ ತಿರುಗಿಸಿ ತೋರಿಸಿದ. "ಎಲ್ಲ ಟ್ರಾನ್ಸಾಕ್ಷನ್ ಒಳಗೇ ಇದೆ ಸರ್."

ಇತ್ತು, ಸುಳ್ಳಲ್ಲ. ಟ್ರಾನ್ಸಾಕ್ಷನ್ ಅಂದರೆ ಡೇಟಾಬೇಸ್‌ನ ಹಲವು ಕೆಲಸಗಳನ್ನು ಒಂದೇ ಗಂಟಾಗಿ ಕಟ್ಟುವುದು: ಶುರು ಮಾಡುವುದು ಬಿಗಿನ್, ಖಾಯಂ ಮಾಡುವುದು ಕಮಿಟ್, ರದ್ದು ಮಾಡುವುದು ರೋಲ್‌ಬ್ಯಾಕ್. ಸೆಲೆಕ್ಟ್ ಮಾಡಿ ದಾಸ್ತಾನು ಓದುವುದು, ಸಾಲುತ್ತದಾ ಅಂತ ಇಫ್‌ನಲ್ಲಿ ನೋಡುವುದು, ಜಾವಾದಲ್ಲಿ ಕಳೆಯುವುದು, ಉಳಿದದ್ದನ್ನು ಅಪ್‌ಡೇಟ್ ಮಾಡಿ ಕಮಿಟ್. ಮೂರು ಕೇಳಿದ ಆರ್ಡರ್ 5 ಅಂತ ಓದಿತು. ಅದು ಕಮಿಟ್ ಆಗುವ ಮೊದಲೇ ನಾಲ್ಕು ಕೇಳಿದ್ದೂ 5 ಅಂತಲೇ ಓದಿತು. ಒಂದು 2 ಬರೆಯಿತು, ಇನ್ನೊಂದು ಅದರ ಮೇಲೆಯೇ 1 ಬರೆಯಿತು. ಲಾಗ್‌ನಲ್ಲಿ ಒಂದೇ ಒಂದು ಎರರ್ ಇಲ್ಲ.

ಒಳಗೇ ಇದೆ ಸರ್. ವಾರವಿಡೀ ಕಿವಿಯಲ್ಲಿ ಅದೇ. ಹುಡುಗನ ತಪ್ಪೆನ್ನಲು ಮನಸ್ಸು ಬರುವುದಿಲ್ಲ. ಮೆಥಡ್ ಮೇಲೆ @Transactional ಅಂತ ಒಂದು ಗುರುತು ಹಚ್ಚಿದರೆ ಮುಗಿಯಿತು ಅಂತ ಕಲಿಸಿದ್ದೇ ನಾವು. ಆ ಗುರುತು ಕೊಡುವ ಭರವಸೆ, ಆಗುವುದಾದರೆ ಎಲ್ಲ ಆಗುತ್ತದೆ, ಇಲ್ಲದಿದ್ದರೆ ಏನೂ ಆಗುವುದಿಲ್ಲ ಅನ್ನುವುದಷ್ಟೇ. ಅದೂ ಪೂರ್ತಿಯಲ್ಲ: ಜಾವಾದ ಸ್ಪ್ರಿಂಗ್ ಫ್ರೇಮ್‌ವರ್ಕ್‌ನಲ್ಲಿ ಚೆಕ್ಡ್ ಎಕ್ಸೆಪ್ಷನ್ (ನಿಭಾಯಿಸಿ ಇಲ್ಲವೇ ಘೋಷಿಸಿ ಅಂತ ಕಂಪೈಲರ್ ಒತ್ತಾಯಿಸುವ ಬಗೆಯ ಎರರ್) ಬಂದರೆ, ನಾವು ಬೇರೆ ಹೇಳದಿದ್ದರೆ, ರೋಲ್‌ಬ್ಯಾಕ್ ಬದಲು ಕಮಿಟ್ಟೇ ಆಗುತ್ತದೆ. ಪಕ್ಕದ ಟ್ರಾನ್ಸಾಕ್ಷನ್ ಜೊತೆಗಿನ ಜಗಳವಂತೂ ಐಸೊಲೇಷನ್ ಲೆವೆಲ್‌ಗೆ, ಅಂದರೆ ಒಂದರ ಕೆಲಸ ಇನ್ನೊಂದಕ್ಕೆ ಎಷ್ಟು ಕಾಣಬೇಕು ಅನ್ನುವ ಸೆಟ್ಟಿಂಗ್‌ಗೆ ಸೇರಿದ್ದು. ಇಲ್ಲಿದ್ದ ಡೇಟಾಬೇಸ್ ಪೋಸ್ಟ್‌ಗ್ರೆಸ್, ಅದರ ಡೀಫಾಲ್ಟ್ ರೀಡ್ ಕಮಿಟೆಡ್: ಕಮಿಟ್ ಆದದ್ದನ್ನಷ್ಟೇ ಓದುವ ಮಟ್ಟ.

"ರಿಪೀಟಬಲ್ ರೀಡ್‌ಗೆ ಏರಿಸಿಬಿಡಿ" ಅಂದರು ಒಬ್ಬ ಹಿರಿಯರು, ಫೋನ್‌ನಿಂದ ತಲೆ ಎತ್ತದೆ. ಒಮ್ಮೆ ಓದಿದ್ದು ಟ್ರಾನ್ಸಾಕ್ಷನ್ ಮುಗಿಯುವವರೆಗೆ ಹಾಗೇ ಕಾಣುವ, ಒಂದು ಮೆಟ್ಟಿಲು ಮೇಲಿನ ಮಟ್ಟ ಅದು. ಪೋಸ್ಟ್‌ಗ್ರೆಸ್‌ನಲ್ಲಿ ಏರಿಸಿದರೆ ಎರಡನೆಯ ಅಪ್‌ಡೇಟ್ 40001 ಎರರ್ (ಈ ಸಾಲನ್ನು ಇನ್ನೊಬ್ಬರು ಆಗಲೇ ಬದಲಿಸಿದ್ದಾರೆ ಅಂತ) ಕೊಟ್ಟು ನಿಲ್ಲುತ್ತದೆ, ಸರಿ. ಆದರೆ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಇನ್ನೊಡಿಬಿ ಎಂಜಿನ್‌ನಲ್ಲಿ ಡೀಫಾಲ್ಟೇ ರಿಪೀಟಬಲ್ ರೀಡ್, ಅಲ್ಲಿ ಈ ಕೋಡ್ ಆಗಲೂ ಸದ್ದಿಲ್ಲದೆ ಏಳು ಮಾರುತ್ತದೆ. ಹೆಸರು ಒಂದೇ, ನಡತೆ ಬೇರೆ.

ಮದ್ದು ಒಂದೇ ಸಾಲಿನದು. ಕಳೆಯುವ ಕೆಲಸ ಅಪ್‌ಡೇಟ್‌ನ ಒಳಗೇ ಆಗಲಿ, 'ದಾಸ್ತಾನು ಕೇಳಿದಷ್ಟು ಅಥವಾ ಹೆಚ್ಚಿದ್ದರೆ' ಎಂಬ ಷರತ್ತು ಅದರ ವೇರ್ (WHERE) ಭಾಗದಲ್ಲಿರಲಿ. ಟೇಬಲ್‌ನ ಎಷ್ಟು ಸಾಲು ಬದಲಾಯಿತು ಅಂತ ನೋಡಿ. ಸೊನ್ನೆ ಬಂದರೆ ಮಾಲಿಲ್ಲ. ಹಲವು ಸಾಲು ಓದಿ ನಿರ್ಧರಿಸಬೇಕಾದಾಗ ಓದುವಾಗಲೇ ಸಾಲಿಗೆ ಬೀಗ ಹಾಕುವ ಸೆಲೆಕ್ಟ್ ಫಾರ್ ಅಪ್‌ಡೇಟ್ ಬೇಕು, ಅದೂ ಪ್ರತಿಸಲ ಐಡಿ ಕ್ರಮದಲ್ಲಿ. ನೀವು 'ಎ' ಸಾಲು ಹಿಡಿದು 'ಬಿ'ಗೆ ಕಾಯುವಾಗ ಇನ್ನೊಬ್ಬ 'ಬಿ' ಹಿಡಿದು 'ಎ'ಗೆ ಕಾದರೆ ಡೆಡ್‌ಲಾಕ್. ಡೆಡ್‌ಲಾಕ್ ಆದರೂ 40001 ಬಂದರೂ ಮರುಪ್ರಯತ್ನ ಬಿಗಿನ್‌ನಿಂದಲೇ ಆಗಬೇಕು. ಸೋತ ಕ್ವೆರಿಯನ್ನಷ್ಟೇ ಮತ್ತೆ ಓಡಿಸಿದರೆ, ಹಳೆಯ ಓದಿನ ಮೇಲೇ ಲೆಕ್ಕ ಕಟ್ಟಿದಂತೆ.

ಅದೇ ಮೆಥಡ್‌ನಲ್ಲಿ, ಬಿಗಿನ್‌ಗೂ ಕಮಿಟ್‌ಗೂ ನಡುವೆ, ಪೇಮೆಂಟ್ ಗೇಟ್‌ವೇಗೆ ಕರೆಯೂ ಇತ್ತು. ಅತ್ತಲಿಂದ ಉತ್ತರ ಬರುವವರೆಗೆ ಕನೆಕ್ಷನ್ ಒತ್ತೆ. ಡೇಟಾಬೇಸ್ ಕನೆಕ್ಷನ್‌ಗಳನ್ನು ಹಂಚುವ ಹಿಕಾರಿ ಪೂಲ್‌ನಲ್ಲಿ ಡೀಫಾಲ್ಟ್ ಹತ್ತೇ ಕನೆಕ್ಷನ್. ಹತ್ತೂ ಹೀಗೆ ಕಾಯುತ್ತಿದ್ದರೆ ಹನ್ನೊಂದನೆಯವನು 30 ಸೆಕೆಂಡ್ ನಿಂತು ಎರರ್ ಹಿಡಿದು ವಾಪಸ್ಸು. ರೋಲ್‌ಬ್ಯಾಕ್ ಆದರೂ ಕಟ್ ಆದ ಹಣ ತಾನಾಗಿ ಹಿಂದೆ ಬರುವುದಿಲ್ಲ. ಕರೆ ಈಗ ಹೊರಗೆ ಬಂದಿದೆ: ಮೊದಲು ಮಾಲು ಕಾದಿರಿಸಿ ಕಮಿಟ್, ಆಮೇಲೆ ಪಾವತಿ, ಆಮೇಲೆ ಇನ್ನೊಂದು ಚಿಕ್ಕ ಟ್ರಾನ್ಸಾಕ್ಷನ್.

ಒಂದೇ ಬ್ರೌಸರ್‌ನಲ್ಲಿ ಕ್ಲಿಕ್ ಮಾಡಿ ಪಾಸ್ ಅಂದಿದ್ದ ಟೆಸ್ಟಿಂಗ್‌ನವರಿಗೆ ಇದು ಎಂದೂ ಕಾಣುತ್ತಿರಲಿಲ್ಲ. ಎರಡು ಥ್ರೆಡ್ ಬಿಟ್ಟು, ಓದಿಗೂ ಬರಹಕ್ಕೂ ನಡುವೆ ಎರಡು ಸೆಕೆಂಡ್ ಮಲಗಿಸಿದಾಗ ಹಳೆಯ ಕೋಡ್ ಪ್ರತಿಸಲವೂ ಏಳು ಮಾರಿತು. ಹೊಸದರಲ್ಲಿ ಒಂದು ಆರ್ಡರ್‌ಗೆ ಸೊನ್ನೆ ಬಂತು. ಹಳೆಯ ಇಫ್ ಅಳಿಸಲು ಮಾತ್ರ ಹುಡುಗನಿಗೆ ಇಷ್ಟವಿಲ್ಲ. ಇರಲಿ, ಬಂದವರಿಗೆ ಬೇಗ 'ಇಲ್ಲ' ಅನ್ನಲಿಕ್ಕೆ ಆಗುತ್ತದೆ.