ಈ ಗುಡ್ಡ ಎಲ್ಲಿ ಉಂಟು?

ಮಗ ಐದನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಅವನ ಡ್ರಾಯಿಂಗ್ ಪುಸ್ತಕ ನೋಡಿದೆ. ಚಿತ್ರದ ಕೆಳಗೆ ಕೆಂಪು ಪೆನ್ನಿನಲ್ಲಿ ಒಂದೇ ಸಾಲು: "ಈ ಗುಡ್ಡ ಎಲ್ಲಿ ಉಂಟು?"

ಮಾರ್ಕು ಇಲ್ಲ, ಸಹಿ ಇಲ್ಲ. ಚಿತ್ರ ನಿಮಗೆಲ್ಲ ಗೊತ್ತಿರುವುದೇ. ಎರಡು ಚೂಪು ಗುಡ್ಡ, ನಡುವೆ ಅರ್ಧ ಸೂರ್ಯ, ಮುಂದೆ ನೀರು, ಪಕ್ಕದಲ್ಲೊಂದು ಗುಡಿಸಲು, ಮೇಲೆ ನಾಲ್ಕು ಹಕ್ಕಿ. ಅವನಿಗೆ ಅದನ್ನು ಹೇಳಿಕೊಟ್ಟವಳು ನಾನೇ. ನನಗೆ ನಮ್ಮಮ್ಮ ಹೇಳಿಕೊಟ್ಟಿದ್ದರು.

ನಾನು ಕಡೂರಿನವಳು. ನಮ್ಮೆಜಮಾನರಿಗೆ ಕಾಸರಗೋಡಿನಲ್ಲಿ ಕೆಲಸ ಸಿಕ್ಕಿ, ಮಗ ಎರಡು ವರ್ಷದವನಿದ್ದಾಗ ಇಲ್ಲಿಗೆ ಬಂದೆವು. ಹನ್ನೊಂದು ವರ್ಷ ಆಯಿತು. "ಕೇರಳದಲ್ಲಿ ಕನ್ನಡ ಶಾಲೆ ಇದೆಯಾ?" ಅಂತ ಊರಲ್ಲಿ ಈಗಲೂ ಕೇಳುತ್ತಾರೆ. ಇದೆ, ಬೇಕಾದಷ್ಟಿವೆ. 1956ರ ನವೆಂಬರ್ 1ಕ್ಕೆ ಈ ಸೀಮೆ ಕೇರಳಕ್ಕೆ ಸೇರಿತು, ಆದರೆ ಜನರ ಕನ್ನಡ ಎಲ್ಲಿಗೂ ಹೋಗಲಿಲ್ಲ. ನನ್ನ ಮಗ ಅಂಗಡಿಯಲ್ಲಿ ಮಲಯಾಳ ಮಾತಾಡುತ್ತಾನೆ, ಆಟಕ್ಕೆ ನಿಂತರೆ ತುಳು, ಶಾಲೆಯಲ್ಲಿ "ಎಂತ", "ಉಂಟು", ನನ್ನ ಹತ್ತಿರ ಮಾತ್ರ ಕಡೂರಿನ ಕನ್ನಡ.

ಆ ಕೆಂಪು ಸಾಲು ನೋಡಿ ನನಗೆ ಬೇಜಾರಾಯಿತು. ಮರುದಿನವೇ ಶಾಲೆಗೆ ಹೋದೆ. ಡ್ರಾಯಿಂಗ್ ಮಾಷ್ಟ್ರು ಜಗಲಿಯಲ್ಲಿ ಮಕ್ಕಳ ಜೊತೆ ಕೂತು ಅಡಿಕೆ ಸಿಪ್ಪೆ ಜಜ್ಜುತ್ತಿದ್ದರು. ನಾರು ಬಿಟ್ಟುಕೊಂಡ ಸಿಪ್ಪೆಯನ್ನು ಕಡ್ಡಿಯ ತುದಿಗೆ ಕಟ್ಟಿದರೆ ಬ್ರಶ್. ತುಂಬ ತೆಳ್ಳಗಿನ ಗೆರೆಗೆ ಹಿಡಿಸೂಡಿಯ, ಅಂದರೆ ತೆಂಗಿನ ಪೊರಕೆಯ ಕಡ್ಡಿ.

"ಮಾಷ್ಟ್ರೇ, ನನ್ನ ಮಗನ ಚಿತ್ರಕ್ಕೆ ನೀವು ಮಾರ್ಕೇ ಹಾಕಿಲ್ಲ."

"ಕೂತುಕೊಳ್ಳಿ ಅಕ್ಕ. ಆ ಗುಡ್ಡ ಎಲ್ಲಿ ಉಂಟು?"

"ನಮ್ಮ ಕಡೂರಿನ ಕಡೆ ಇದೆ."

"ಹುಡುಗ ನೋಡಿದ್ದಾನಾ?"

ನಾನು ಸುಮ್ಮನಾದೆ. ರಜೆಗೆ ಹೋದರೂ ಅಜ್ಜಿ ಮನೆ ಬಿಟ್ಟು ಅವನು ಎಲ್ಲಿಗೂ ಹೋದದ್ದಿಲ್ಲ.

"ಹಾಗಾದರೆ ಅದು ನಿಮ್ಮ ಗುಡ್ಡ ಅಕ್ಕ. ಅವನದ್ದು ಬೇರೆ ಉಂಟು. ಶನಿವಾರ ಮಕ್ಕಳನ್ನು ಕರಕೊಂಡು ಹೋಗ್ತೇನೆ, ನೀವೂ ಬನ್ನಿ."

ಶನಿವಾರ ಶಾಲೆಯ ಹಿಂದಿನ ಗುಡ್ಡ ಹತ್ತಿದೆವು. ಹತ್ತಿದ ಮೇಲೆ ಗೊತ್ತಾಯಿತು, ಇಲ್ಲಿನ ಗುಡ್ಡಗಳಿಗೆ ತಲೆ ಚಪ್ಪಟೆ! ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ ಗುಡ್ಡ. ಮೇಲೆ ಹೋದರೆ ಮೈದಾನದ ಹಾಗೆ ಬಯಲು. ಪಾದೆ ಅಂತಾರೆ. ಎಷ್ಟೋ ವರ್ಷ ಅದರ ಬುಡದಲ್ಲೇ ಬಸ್ಸಿನಲ್ಲಿ ಓಡಾಡಿದ್ದೆ, ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ. ಓಣಂ ಹತ್ತಿರವಾಗಿತ್ತು. ಮಳೆ ನೀರು ನಿಂತ ಕಡೆಯಲ್ಲೆಲ್ಲ ಬೆರಳ ತುದಿಯಷ್ಟು ಸಣ್ಣ ನೀಲಿ ಹೂವು. ಮಲಯಾಳದಲ್ಲಿ ಕಾಕ್ಕಪ್ಪೂ, ಓಣಂ ರಂಗೋಲಿಗೆ ಮಕ್ಕಳು ಕಿತ್ತುಕೊಂಡು ಹೋಗುತ್ತಾರೆ.

ಮಾಷ್ಟ್ರು ನಾಲ್ಕು ಕಡ್ಡಿ ಇಟ್ಟು ಒಂದೊಂದು ಮಗುವಿಗೂ ಒಂದೊಂದು ಅಡಿ ಚೌಕ ಹಂಚಿದರು. ಹೊಟ್ಟೆ ಅಡಿ ಮಾಡಿ ಮಲಗಬೇಕು. ಚೌಕದೊಳಗೆ ಇರುವುದನ್ನು ಮಾತ್ರ ಬರೆಯಬೇಕು. ಅರ್ಧ ಗಂಟೆ ಪೆನ್ಸಿಲ್ ಮುಟ್ಟುವ ಹಾಗಿಲ್ಲ. ಬೇರೆಯವರಿಗೆ ಹೂವು ಬಂತು, ಹುಲ್ಲು ಬಂತು. ನನ್ನ ಮಗ ಅಳುಮುಖ ಮಾಡಿಕೊಂಡು, "ಸರ್, ನನಗೆ ಬರೀ ಕಲ್ಲು" ಅಂದ. "ಒಳ್ಳೆ ಜಾಗ ಸಿಕ್ಕಿತು ನಿನಗೆ" ಅಂದವರೇ ಮಾಷ್ಟ್ರು ಮುಂದಕ್ಕೆ ಹೋದರು.

ಒಂದು ಗಂಟೆ ಕಳೆದು ನೋಡಿದರೆ ಅವನ ಹಾಳೆಯ ತುಂಬ ತೂತು. ಮುರಕಲ್ಲಿನ ಮೈಯೇ ಹಾಗೆ ಅಲ್ವಾ? ಒಂದು ತೂತಿನಲ್ಲಿ ನೀರು, ಇನ್ನೊಂದರಲ್ಲಿ ಇರುವೆ, ಮತ್ತೊಂದರಲ್ಲಿ ಪಾಚಿ. ಒಡೆದ ಅಂಚಿನಲ್ಲಿ ಕಲ್ಲು ಅರಿಶಿನ ಬಣ್ಣ, ಒಳಗೆ ಇಟ್ಟಿಗೆ ಕೆಂಪು, ಬಿಸಿಲು ಮಳೆ ತಿಂದ ಮೇಲ್ಮೈ ಕಪ್ಪು. ಈ ಕಲ್ಲು ಕೋರೆಯಿಂದ ತೆಗೆಯುವಾಗ ಮೆತ್ತಗಿರುತ್ತದಂತೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವುದು. ಇಲ್ಲಿನ ಹಳೇ ಮನೆಗಳ ಗೋಡೆಯೆಲ್ಲ ಇದೇ ಕಲ್ಲು. ನಾವಿದ್ದ ಬಾಡಿಗೆ ಮನೆಯ ಗೋಡೆಯೂ ಅದೇ. ಅವತ್ತು ಸಂಜೆ ಮಗ ಆ ಗೋಡೆಗೆ ಮೂಗು ತಾಗಿಸಿಕೊಂಡು ಎಷ್ಟೋ ಹೊತ್ತು ನಿಂತಿದ್ದ.

ಬಣ್ಣವನ್ನೂ ಅಲ್ಲಿಂದಲೇ ಮಾಡಿಸಿದರು. ಮುರಕಲ್ಲಿನ ಪುಡಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿದು, ಗೇರು ಮರದ ಅಂಟಿನ ಜೊತೆ ಕಲಸುವುದು. ಅರಿಶಿನಕ್ಕೆ ಸುಣ್ಣ ಹಾಕಿದರೆ ಕೆಂಪು, ನಮ್ಮ ಆರತಿ ಓಕುಳಿಯ ಕೆಂಪು. ಅದು ಮಾತ್ರ ನನಗೆ ಮೊದಲೇ ಗೊತ್ತಿತ್ತು.

ಮಕ್ಕಳಿಗೆ ಇಷ್ಟ ಬಂದ ಹಾಗೆ ಗೀಚಲು ಬಿಡುವ ಮಾಷ್ಟ್ರು ಅಂತ ತಿಳಿಯಬೇಡಿ. ಭಾರೀ ಕಟ್ಟುನಿಟ್ಟು. ವರ್ಷದ ಮೊದಲ ದಿನವೇ ಎಲ್ಲರ ರಬ್ಬರ್ ವಸೂಲಿ ಮಾಡಿ ಡಬ್ಬಿಗೆ ಹಾಕುತ್ತಿದ್ದರು. ಗೆರೆ ತಪ್ಪಿದರೆ ಅದರ ಪಕ್ಕದಲ್ಲೇ ಸರಿ ಗೆರೆ ಎಳೆಯಬೇಕು. ಮಗನ ಪುಸ್ತಕದಲ್ಲಿ ಒಂದು ಕೋಳಿಗೆ ಏಳು ಕಾಲಿದೆ. ಐದು ತಪ್ಪು, ಎರಡು ಸರಿ. ಆ ಏಳನ್ನೂ ನೋಡಿದರೆ ಕೋಳಿ ನಡೆಯುವುದು ಕಾಣುತ್ತದೆ! ಹಲಸಿನ ಎಲೆ ಬರೆ ಅಂದರೆ ಎಲೆ ಎದುರಿಗಿಟ್ಟುಕೊಂಡು ಎಂಟು ಸಲ ಬರೆಸಿದ್ದೂ ಉಂಟು.

ಒಮ್ಮೆ ಪೆರ್ಲದ ಕಡೆ ಯಾರದೋ ಅಡಿಕೆ ತೋಟದಲ್ಲಿ ಸುರಂಗ ತೋರಿಸಲು ಕರಕೊಂಡು ಹೋದರು. ನಮ್ಮ ಬಯಲುಸೀಮೆಯವರಿಗೆ ಇದು ಹೊಸದು. ಬಾವಿಯನ್ನು ಕೆಳಕ್ಕೆ ತೋಡುವ ಬದಲು ಗುಡ್ಡದ ಹೊಟ್ಟೆಗೆ ಅಡ್ಡ ಕೊರೆಯುತ್ತಾರೆ. ಒಬ್ಬ ಮನುಷ್ಯ ನಡೆದುಹೋಗುವಷ್ಟು ಜಾಗ. ಒಳಗಿನ ಒಸರು ನೀರು ತನ್ನಷ್ಟಕ್ಕೆ ಹರಿದು ಹೊರಗೆ ಬರುತ್ತದೆ, ಪಂಪು ಬೇಡ, ಕರೆಂಟು ಬೇಡ. ಕೊರೆಯುವವರು ಮೇಣದ ಬತ್ತಿ ಹಚ್ಚಿಕೊಂಡು ಹೋಗುತ್ತಾರೆ. ಬತ್ತಿ ಮಂಕಾದರೆ ಗಾಳಿ ಸಾಲದು ಅಂತ ಅರ್ಥ, ಹೊರಗೆ ಬರಬೇಕು. ಮನೆಯ ಹಿರಿಯರು ನಾಲ್ಕು ನಾಲ್ಕು ಮಕ್ಕಳನ್ನು ಸ್ವಲ್ಪ ದೂರ ಒಳಗೆ ಕರಕೊಂಡು ಹೋಗಿ ಟಾರ್ಚ್ ಆರಿಸಿದರು. ಹೊರಗೆ ಬಂದ ಮಕ್ಕಳಿಗೆ ಮಾಷ್ಟ್ರು ಹೇಳಿದ್ದು ಇಷ್ಟೇ: "ಕತ್ತಲೆ ಬರೆಯಿರಿ. ಕಪ್ಪು ಬಣ್ಣ ಮುಟ್ಟಬಾರದು."

ಆ ಚಿತ್ರಕ್ಕೆ ನಾನು ಕಟ್ಟು ಹಾಕಿಸಿದ್ದೇನೆ. ಇಡೀ ಹಾಳೆ ಮುರಕಲ್ಲಿನ ಕೆಂಪು. ಮೇಲಿಂದ ಮೇಲೆ ಬಳಿದು ಬಳಿದು ಹಾಳೆ ಚರ್ಮದ ಹಾಗೆ ದಪ್ಪ ಆಗಿದೆ. ಒಂದು ಕಡೆ ಅಕ್ಕಿ ಕಾಳಿನಷ್ಟು ಬಿಳಿ ಬಿಟ್ಟಿದ್ದಾನೆ. ಅದು ಒಳಗಿಂದ ಕಂಡ ಸುರಂಗದ ಬಾಯಿ.

ನಮ್ಮಲ್ಲಿ ಚಿತ್ರವನ್ನೂ "ಬರೆಯುತ್ತೇವೆ", ಅಕ್ಷರವನ್ನೂ ಬರೆಯುತ್ತೇವೆ. ಮಲಯಾಳದಲ್ಲಿ ಚಿತ್ರಕ್ಕೆ "ವರ", ಅಕ್ಷರಕ್ಕೆ "ಎಳುತ್ತ್". ಆದರೆ ನಮ್ಮ ಭೂತಕೋಲದ ಥರದ ತೆಯ್ಯಂ ಕಟ್ಟುವವರ ಮುಖಕ್ಕೆ ಬಣ್ಣ ಹಾಕುವುದಕ್ಕೆ ಮುಖತ್ತೆಳುತ್ತ್ ಅನ್ನುತ್ತಾರೆ, ಮುಖದ ಮೇಲಿನ ಬರವಣಿಗೆ. ಇದನ್ನು ಮಾಷ್ಟ್ರು ಹೇಳಿದ್ದು ಯಕ್ಷಗಾನದ ಚೌಕಿಯಲ್ಲಿ, ವೇಷ ಕಟ್ಟಿಕೊಳ್ಳುವ ಜಾಗದಲ್ಲಿ. ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಕನ್ನಡಿ ಹಿಡಿದುಕೊಂಡು, ಅಕ್ಕಿ ಹಿಟ್ಟು ಸುಣ್ಣ ಕಲಸಿದ ಚಿಟ್ಟಿಯನ್ನು ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಇಡುತ್ತಿದ್ದರು. ಮಕ್ಕಳು ಪಿಟಕ್ ಎನ್ನದೆ ಕೂತಿದ್ದರು. ಯಕ್ಷಗಾನದ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಇಲ್ಲೇ ಹತ್ತಿರ, ಆದರೂ ಅಷ್ಟು ಹತ್ತಿರದಿಂದ ವೇಷ ಏರುವುದನ್ನು ಅವರಲ್ಲಿ ಎಷ್ಟೋ ಮಕ್ಕಳು ನೋಡಿರಲಿಲ್ಲ.

ಕಾಸರಗೋಡಿನ ಹತ್ತಿರದ ಮಧೂರು ದೇವಸ್ಥಾನದ ಕಥೆ ಕೇಳಿದ್ದೀರಾ? ಅರ್ಚಕರ ಮಗ ಆಟವಾಡುತ್ತಾ ಗರ್ಭಗುಡಿಯ ಗೋಡೆ ಮೇಲೆ ಗಣಪತಿಯನ್ನು ಬರೆದನಂತೆ. ಆ ಗಣಪತಿ ದಿನದಿಂದ ದಿನಕ್ಕೆ ದಪ್ಪ ಆಗುತ್ತಾ ಹೋಯಿತಂತೆ. ಹುಡುಗ ಪ್ರೀತಿಯಿಂದ ಬೊಡ್ಡಜ್ಜ ಅಂತ ಕರೆದನಂತೆ. ಈಗಲೂ ಜನ ಅಲ್ಲಿ ಗಣಪತಿಗೆ ಅಪ್ಪ ಅನ್ನುವ ಸಿಹಿ ತಿಂಡಿಯ ಸೇವೆ ಮಾಡಿಸುತ್ತಾರೆ. ಮಾಷ್ಟ್ರು ನನಗೆ ಒಮ್ಮೆ ಹೇಳಿದ್ದರು, "ಆ ಹುಡುಗನಿಗೆ ಗೋಡೆ ಹಾಳು ಮಾಡಬೇಡ ಅಂತ ಯಾರೂ ಹೇಳಲಿಲ್ಲ, ನೋಡಿ ಅಕ್ಕ."

ಎಲ್ಲವೂ ಸಿಹಿ ಅಂತ ನಾನು ಹೇಳುವುದಿಲ್ಲ. ಉಪಜಿಲ್ಲಾ ಕಲೋತ್ಸವದಲ್ಲಿ ಮಗ ಜಲವರ್ಣಕ್ಕೆ ಹೋಗಿ ಸಿ ಗ್ರೇಡ್ ತಂದ. ಕೊಟ್ಟ ವಿಷಯ ಮಳೆಗಾಲ. ಅವನು ಬರೆದದ್ದು ಮಾಡಿನ ಅಂಚಿನ ಒಂದು ಹಂಚು, ಅದರಿಂದ ಬೀಳುವ ನೀರು, ಅಷ್ಟೇ. ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಅವನ ಕ್ಲಾಸಿನ ಇನ್ನೊಬ್ಬಳು ಹುಡುಗಿಗೆ ಕ್ಯಾಲೆಂಡರ್ ನೋಡಿ ಅಚ್ಚುಕಟ್ಟಾಗಿ ನಕಲು ಮಾಡುವುದು ಇಷ್ಟ. ರಬ್ಬರ್ ಇಲ್ಲದ ಕ್ಲಾಸಿನಲ್ಲಿ ಅವಳು ತುಂಬ ಒದ್ದಾಡಿದಳು. ನಕಲಿನಿಂದಲೂ ಕೈ ಪಳಗುತ್ತದೆ, ಅವಳನ್ನು ಅವಳ ದಾರಿಗೆ ಬಿಡಬಹುದಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಮಾಷ್ಟ್ರಿಗೂ ಅದನ್ನೇ ಹೇಳಿದ್ದೆ. ಅವರು ತುಂಬ ಹೊತ್ತು ಸುಮ್ಮನಿದ್ದು, "ಹೌದು" ಅಂದರು.

ಮಗ ಈಗ ಎಂಟನೇ ಕ್ಲಾಸು. ಮುಂದೆ ಚಿತ್ರಗಾರ ಆಗುತ್ತಾನೋ ಇಲ್ಲವೋ ಗೊತ್ತಿಲ್ಲ. ಆದರೆ ಬಸ್ಸಿನಲ್ಲಿ ಮೊಬೈಲ್ ಕೇಳದೆ ಕಿಟಕಿ ಹಿಡಿದು ಕೂರುತ್ತಾನೆ. ಚಂದ್ರಗಿರಿ ಹೊಳೆ ದಾಟುವಾಗ, "ಅಮ್ಮಾ, ನಿನ್ನೆಗಿಂತ ಇವತ್ತು ಕೆಂಪು ಜಾಸ್ತಿ, ಮೇಲೆ ಮಳೆ ಬಂದಿದೆ" ಅನ್ನುತ್ತಾನೆ. ಮಾಷ್ಟ್ರು ಹೋದ ವರ್ಷ ರಿಟೈರ್ ಆದರು. ಡಬ್ಬಿಯಲ್ಲಿದ್ದ ರಬ್ಬರುಗಳನ್ನೆಲ್ಲ ಹೆಸರು ಕೂಗಿ ವಾಪಸ್ ಕೊಟ್ಟರಂತೆ.

ಈ ಮೇ ತಿಂಗಳು ಊರಿಗೆ ಹೋದಾಗ ಅವನನ್ನು ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆಗೆ ಕರಕೊಂಡು ಹೋದೆ. ಮುಂದೆ ನೀರು, ಹಿಂದೆ ಶಕುನಗಿರಿ. ಚೂಪು ಗುಡ್ಡ. ನನ್ನ ಚಿತ್ರ. ಅವನು ಏನೂ ಮಾತಾಡಲಿಲ್ಲ. ಏರಿಯ ಮೇಲೆ ಕೂತು ಬಹಳ ಹೊತ್ತು ನೋಡಿದ, ಆಮೇಲೆ ಬರೆದ. ಅವನ ಗುಡ್ಡದ ಎರಡು ಬದಿ ಒಂದೇ ಥರ ಇರಲಿಲ್ಲ. ನಾನು ಯಾವಾಗಲೂ ಸ್ಕೇಲ್ ಇಟ್ಟು ಎಳೆಯುತ್ತಿದ್ದೆ.

"ಅಮ್ಮಾ, ಸೂರ್ಯ ಇಲ್ಲಿಂದ ಹುಟ್ಟುತ್ತಾ?"

ಇಲ್ಲ, ಆ ಸಾಲಿನ ಹಿಂದೆ ಮುಳುಗುತ್ತದೆ. ಕೇಳಿದ ಮೇಲೆಯೇ ನನಗೂ ಹೊಳೆದದ್ದು. ಇಷ್ಟು ವರ್ಷ ಅದನ್ನು ಬೆಳಗಿನ ಸೂರ್ಯ ಅಂತಲೇ ಬರೆದಿದ್ದೆ.

ಹಾಳೆಯ ಹಿಂದೆ ಅವನು ಬರೆದ: "ಸರ್, ಈ ಗುಡ್ಡ ಇಲ್ಲಿ ಉಂಟು. ಅಯ್ಯನಕೆರೆ, ಸಖರಾಯಪಟ್ಟಣ." ಮರುದಿನ ಕಡೂರಿನ ಪೋಸ್ಟ್ ಆಫೀಸಿನಲ್ಲಿ ದೊಡ್ಡ ಕವರ್ ತೆಗೆದುಕೊಂಡು, ಮಡಚದೆ ಒಳಗೆ ಸೇರಿಸಿ, ಮಾಷ್ಟ್ರ ಮನೆ ವಿಳಾಸಕ್ಕೆ ಹಾಕಿದೆವು.