ಕವುಚಿ ಮಲಗಿದ ಅಜ್ಜ

2021ರ ಮೇ ತಿಂಗಳು, ಕೊರೊನಾ ಲಾಕ್‌ಡೌನ್. ಉಡುಪಿಯಲ್ಲಿ ಬೆಳಿಗ್ಗೆ 6ರಿಂದ 10ರ ತನಕ ಮಾತ್ರ ಅಂಗಡಿ ತೆರೆದಿರುತ್ತಿತ್ತು. ಆಮೇಲೆ ಕರಾವಳಿ ಬೈಪಾಸಿನಲ್ಲಿ ಪೊಲೀಸರು, ಆಂಬುಲೆನ್ಸ್, ಮತ್ತೆ ನಮ್ಮಂಥ ನರ್ಸ್‌ಗಳ ಸ್ಕೂಟರ್. ಅಷ್ಟೇ.

ಆ ವಾರ ನನಗೆ ಸಂಜೆ ಫೋನ್ ಕೆಲಸವೂ ಇತ್ತು. ರೋಗಿಗಳ ಮನೆಗೆ ಫೋನ್ ಮಾಡಿ ಹೇಗಿದ್ದಾರೆ ಅಂತ ಹೇಳಬೇಕು. ಪಿಪಿಇ ಕಿಟ್ಟಿನೊಳಗೆ ಬೆವರುವುದೇ ಎಷ್ಟೋ ಮೇಲು ಅನಿಸಿತ್ತು. ಮಲ್ಪೆಯ ಒಬ್ಬರು ಅಜ್ಜ ಆಕ್ಸಿಜನ್ ಮೇಲಿದ್ದರು. ಅವರ ಮಗ ನಾನು ನಮಸ್ಕಾರ ಹೇಳುವ ಮೊದಲೇ ಕೇಳಿದ: "ಸಿಸ್ಟರ್, ಒಂದು ಕೊರೊನಾ ಬರೆದರೆ ನಿಮಗೆ ಎಷ್ಟು ಸಿಗ್ತದೆ? ನಮ್ಮ ಗ್ರೂಪಲ್ಲಿ ಎಲ್ಲ ಬಂದಿದೆ."

ಸಿಟ್ಟು ಬಂತು. ಹಿಂದಿನ ವರ್ಷ ಮಾರ್ಚ್ 22ರ ಜನತಾ ಕರ್ಫ್ಯೂ ದಿನ, ನಮ್ಮಂಥವರಿಗೆ ಧನ್ಯವಾದ ಅಂತ, ನಮ್ಮ ಮನೆ ಓನರಮ್ಮ ಸ್ಟೀಲ್ ತಟ್ಟೆ ಬಡಿದು ನನ್ನ ಕಡೆ ನೋಡಿ ನಕ್ಕಿದ್ದರು. ತಿಂಗಳು ಕಳೆಯುವುದರೊಳಗೆ, ಬಾವಿಯ ಹಗ್ಗ ಮುಟ್ಟಬೇಡ, ನೀರು ನಾವೇ ಸೇದಿ ಇಡ್ತೇವೆ ಅಂದರು. ಮಾತಿನಲ್ಲಿ ಪ್ರೀತಿ ಏನೂ ಕಡಿಮೆ ಇರಲಿಲ್ಲ, ಅದು ಬೇರೆ ವಿಷಯ.

ಆದರೆ ಈ ದುಡ್ಡಿನ ಮಾತು ಪೂರ್ತಿ ಗಾಳಿಯಿಂದ ಹುಟ್ಟಿದ್ದಲ್ಲ. ಸರ್ಕಾರ ಕಳಿಸಿದ ರೋಗಿಗಳಿಗೆ ಖಾಸಗಿ ಆಸ್ಪತ್ರೆಗಳು ಎಷ್ಟು ತೆಗೆದುಕೊಳ್ಳಬೇಕು ಅಂತ 2020ರ ಜೂನ್‌ನಲ್ಲಿ ದರ ಗೊತ್ತು ಮಾಡಿದ್ದರು. ಜನರಲ್ ವಾರ್ಡಿಗೆ ದಿನಕ್ಕೆ 5,200 ರೂಪಾಯಿ, ವೆಂಟಿಲೇಟರ್ ಇರುವ ಐಸಿಯುಗೆ 10,000. ಅದು ಚಿಕಿತ್ಸೆಯ ಖರ್ಚು. ವಾಟ್ಸಾಪಿನಲ್ಲಿ ಊರೂರು ಸುತ್ತುವಾಗ ಅದೇ ಲಕ್ಷಗಟ್ಟಲೆ ಲಂಚ ಆಯಿತು, ಜೊತೆಗೆ ಆಸ್ಪತ್ರೆಯಲ್ಲಿ ಕಿಡ್ನಿ ಕದಿಯುತ್ತಾರೆ ಅನ್ನುವ ಕಥೆಯೂ ಸೇರಿತು. ಇದನ್ನೆಲ್ಲ ಅವನಿಗೆ ಹೇಳಿದೆ. "ನೀವು ಹಾಗೇ ಹೇಳೂದು" ಅಂದ.

ಮಾರನೇ ದಿನ ವಾರ್ಡಿನೊಳಗಿದ್ದೆ. ಪ್ಲಾಸ್ಟಿಕ್ ಕವರಿನೊಳಗಿದ್ದ ಫೋನಿನಲ್ಲಿ ಅವನಿಗೆ ವಿಡಿಯೋ ಕಾಲ್ ಮಾಡಿದೆ. ಅಜ್ಜ ಎದೆಯಡಿ ದಿಂಬು ಇಟ್ಟುಕೊಂಡು ಕವುಚಿ ಮಲಗಿದ್ದರು. ಮಗ ಕಿರುಚಿದ: "ಅಪ್ಪನನ್ನು ಯಾಕೆ ಹಾಗೆ ಬಿಸಾಡಿದ್ದೀರಿ?"

ಆಗ ನನಗೆ ಏನೋ ಹೊಳೆಯಿತು. ನಮಗೆ ಅದು ದಿನಾ ನೋಡುವ ದೃಶ್ಯ. ಹೊರಗೆ ನಿಂತವನಿಗೆ? ಆಗ ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ತೀರಿಹೋದರೆ ಚೀಲದಲ್ಲಿ ಸುತ್ತಿ ಕೊಡುತ್ತಿದ್ದೆವು, ಮುಖ ಕೂಡ ಸರಿಯಾಗಿ ಕಾಣುತ್ತಿರಲಿಲ್ಲ. ಸಂಜೆಯ ಬುಲೆಟಿನ್‌ನಲ್ಲಿ ಬರುತ್ತಿದ್ದದ್ದು ಬರೀ ಸಂಖ್ಯೆ. ಸೋಂಕು ಹರಡಬಾರದು ಅಂತ ಬಾಗಿಲು ಮುಚ್ಚಿದೆವು, ಸರಿ. ಒಳಗೆ ಏನು ಮಾಡ್ತೇವೆ ಅಂತ ಯಾರಿಗಾದರೂ ನೆಟ್ಟಗೆ ಹೇಳಿದೆವಾ?

ಸಮಾಧಾನದಿಂದ ಹೇಳಿದೆ. ಅಂಗಾತ ಮಲಗಿದರೆ ಶ್ವಾಸಕೋಶದ ಬೆನ್ನಿನ ಕಡೆಯ ಭಾಗ ಒತ್ತಿಹೋಗ್ತದೆ, ಗಾಳಿ ಸರಿಯಾಗಿ ಹೋಗುವುದಿಲ್ಲ. ಕವುಚಿದರೆ ಅದು ಬಿಚ್ಚಿಕೊಳ್ತದೆ. ಆಮೇಲೆ ಅಜ್ಜನ ಬೆರಳಿಗೆ ಹಾಕಿದ್ದ, ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ತೋರಿಸಿದೆ. "ಮಲಗಿಸುವಾಗ 87 ಇತ್ತು. ಈಗ ನೀವೇ ಓದಿ." ಅವನು ಓದಿದ: "ತೊಂಬತ್ಮೂರು." ಫೋನ್ ಅಜ್ಜನ ಮುಖದ ಹತ್ತಿರ ಹಿಡಿದೆ. "ಎಂಚ ಉಲ್ಲರ್?" ಅಂತ ಮಗ ತುಳುವಿನಲ್ಲಿ ಕೇಳಿದ, ಹೇಗಿದ್ದೀರಿ ಅಂತ. ಅಜ್ಜ ಮಾಸ್ಕಿನೊಳಗಿಂದ ಏನೋ ಹೇಳಿದರು. ನನಗೆ ಅರ್ಥ ಆಗಲಿಲ್ಲ. ಅವನಿಗೆ ಆಯಿತು. ಬೋಟಿನ ವಿಷಯ ಅಂತೆ.

ಅಲ್ಲಿಂದ ದಿನಾ ಸಂಜೆ ಅವನದು ಒಂದೇ ಪ್ರಶ್ನೆ: "ಇವತ್ತು ಎಷ್ಟು?" ನಾನು ನಂಬರ್ ಹೇಳುತ್ತಿದ್ದೆ. ಒಂದು ದಿನ 88ಕ್ಕೆ ಇಳಿದಿದ್ದನ್ನೂ ಮುಚ್ಚಿಡಲಿಲ್ಲ. ಅವನು ಬೈಯಲಿಲ್ಲ. "ಮತ್ತೆ ಕವುಚಿ ಮಲಗಿಸಿ ಸಿಸ್ಟರ್" ಅಂದ, ನನಗೇ ಕಲಿಸುವವನ ಹಾಗೆ.

ಅಜ್ಜ ಹದಿನಾರನೇ ದಿನ ಮನೆಗೆ ಹೋದರು. ಗೇಟಿನ ಹೊರಗೆ ರಿಕ್ಷಾ ನಿಲ್ಲಿಸಿಕೊಂಡು ಮಗ ಕಾಯುತ್ತಿದ್ದ. ಅಪ್ಪನನ್ನು ಕೂರಿಸಿ, ನನ್ನ ಹತ್ತಿರ ಬಂದು, ಮೆಲ್ಲಗೆ ಕೇಳಿದ: "ಈಗ ಆದರೂ ಹೇಳಿ ಸಿಸ್ಟರ್, ನಿಜವಾಗಿ ಎಷ್ಟು ಸಿಕ್ಕಿತು?"

ಮಾಸ್ಕ್ ಇತ್ತಲ್ಲ, ಅವನು ನಗುತ್ತಿದ್ದನೋ ಇಲ್ಲವೋ ನನಗೆ ಕಾಣಲಿಲ್ಲ.