ಅಗೆಯುವ ಮೊದಲು ಒಂದು ಮೆಸೇಜು

ಮಳೆ ಹಿಂದೆ ಸರಿದು ನವರಾತ್ರಿ ಮುಗಿಯುವಷ್ಟರಲ್ಲಿ ಮಂಗಳೂರಿನ ರಸ್ತೆಗಳಿಗೆ ಜೆಸಿಬಿ ಇಳಿಯುತ್ತದೆ. ಯಾವ ರಸ್ತೆ, ಎಷ್ಟು ದಿನ ಎಂದು ಯಾರೂ ಹೇಳುವುದಿಲ್ಲ ಅಂತ ಬೈದುಕೊಳ್ಳುವುದು ರೂಢಿ. ಹೇಳಿರುತ್ತಾರೆ, ಏಳೆಂಟು ಕಡೆ ಚೂರುಚೂರಾಗಿ. ಹುಡುಕುವವರು ಮೊದಲು ತಿಳಿದುಕೊಳ್ಳಬೇಕಾದದ್ದು ಆ ರಸ್ತೆ ಯಾರದು ಎಂಬುದನ್ನು.

ಕೂಳೂರಿನಿಂದ ಕೊಟ್ಟಾರ ಚೌಕಿ, ನಂತೂರು, ಪಂಪ್‌ವೆಲ್ ದಾಟಿ ತೊಕ್ಕೊಟ್ಟಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಹೆದ್ದಾರಿ ಪ್ರಾಧಿಕಾರದ್ದು. ಅಲ್ಲಿನ ಗುಂಡಿಗೆ ಪಾಲಿಕೆಯ ಆ್ಯಪ್‌ನಲ್ಲಿ ದೂರು ಹಾಕಿದರೆ 'ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂದು ಮುಚ್ಚಿ ಕೈತೊಳೆದುಕೊಳ್ಳುತ್ತಾರೆ. ಅದಕ್ಕೆ 1033 ಸಹಾಯವಾಣಿ ಅಥವಾ ರಾಜಮಾರ್ಗಯಾತ್ರಾ ಆ್ಯಪ್ ಇದೆ. ಒಳರಸ್ತೆಗಳು 60 ವಾರ್ಡ್‌ಗಳ ಮಹಾನಗರ ಪಾಲಿಕೆಯವು. ಅವುಗಳ ಅಡಿಯಲ್ಲಿ ಹೋಗುವ ನೀರಿನ ಪೈಪು ಜಲಸಿರಿ ಯೋಜನೆಯದ್ದಾಗಿರಬಹುದು, ಮೇಲಿನ ವಿದ್ಯುತ್ ತಂತಿ ಮೆಸ್ಕಾಂನದು. ಉಡುಪಿಯ ಇಂದ್ರಾಳಿಯಂಥ ಕಡೆ ಗಂಟು ಇನ್ನೂ ಬಿಗಿ. ರಸ್ತೆ ಹೆದ್ದಾರಿ 169ಎ, ಕೆಳಗೆ ಕೊಂಕಣ ರೈಲ್ವೆ. ಹಳಿಯ ಮೇಲಿನ ಕೆಲಸಕ್ಕೆ ರೈಲ್ವೆಯವರು ಬ್ಲಾಕ್ ಕೊಡಬೇಕು (ಕೆಲ ಹೊತ್ತು ರೈಲು ನಿಲ್ಲಿಸಬೇಕು), ಆ ದಿನ ಯಾವುದೆಂದು ನಗರಸಭೆಯ ವೆಬ್‌ಸೈಟಿನಲ್ಲಿ ಹುಡುಕಿ ಫಲವಿಲ್ಲ.

ಮಾಲೀಕ ಯಾರೆಂದು ಗೊತ್ತಾದ ಮೇಲೆ ರಾಜ್ಯದ ಸಂಗ್ರಹಣಾ ಪೋರ್ಟಲ್ ಕೆಪಿಪಿಪಿ ನೋಡಿ. ಇಲಾಖೆ, ಸ್ಥಳ ಆರಿಸಿದರೆ ಟೆಂಡರ್ ಸಿಗುತ್ತದೆ. ಅಂದಾಜು ಮೊತ್ತಕ್ಕಿಂತ ಎರಡು ಕಡೆ ಹೆಚ್ಚು ಗಮನ ಕೊಡಿ. ಒಂದು, ಕೆಲಸದ ಪಟ್ಟಿಯಲ್ಲಿ ಪೈಪು-ಕೇಬಲ್ ಸ್ಥಳಾಂತರ ಇದೆಯೇ ಎಂಬುದು. ಇಲ್ಲದಿದ್ದರೆ ಹೊಸ ಕಾಂಕ್ರೀಟನ್ನು ಇನ್ಯಾರೋ ಬಂದು ಕತ್ತರಿಸುವ ಸಾಧ್ಯತೆ ಇದ್ದೇ ಇದೆ. ಎರಡು, ಅವಧಿಯ ಪಕ್ಕದಲ್ಲಿ 'ಮಳೆಗಾಲ ಸೇರಿ' ಎಂದಿದೆಯೋ 'ಮಳೆಗಾಲ ಹೊರತುಪಡಿಸಿ' ಎಂದಿದೆಯೋ. ಕರಾವಳಿಯಲ್ಲಿ ಈ ಎರಡು ಪದಗಳ ಬೆಲೆ ನಾಲ್ಕು ತಿಂಗಳು. ಮಾರ್ಚ್ 1ಕ್ಕೆ ವರ್ಕ್ ಆರ್ಡರ್ ಸಿಕ್ಕಿದ ಆರು ತಿಂಗಳ ಕೆಲಸ, ಮಳೆಗಾಲ ಬಿಟ್ಟರೆ, ಮುಗಿಯಬೇಕಾದದ್ದು ಆಗಸ್ಟ್ ಕೊನೆಗಲ್ಲ, ಡಿಸೆಂಬರ್ ಕೊನೆಗೆ. 'ಆರು ತಿಂಗಳಲ್ಲಿ ಪೂರ್ಣ' ಎಂಬ ಸುದ್ದಿಯಲ್ಲಿ ಇದು ಉದುರಿಹೋಗಿರುತ್ತದೆ.

ಸಂಚಾರ ಬದಲಾವಣೆಯ ಆದೇಶದ ಕತೆ ಬೇರೆ. ಮಂಗಳೂರಿನಲ್ಲಿ ಅದನ್ನು ಹೊರಡಿಸುವವರು ಪೊಲೀಸ್ ಕಮಿಷನರ್, ಉಡುಪಿಯಲ್ಲಿ ಜಿಲ್ಲಾಧಿಕಾರಿ. ಮೋಟಾರು ವಾಹನ ಕಾಯ್ದೆ 1988ರ 115ನೇ ಸೆಕ್ಷನ್ ಪ್ರಕಾರ ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ಗೆಜೆಟ್ ಅಧಿಸೂಚನೆ ಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಕೊಟ್ಟರೆ ನಡೆಯುತ್ತದೆ. ಆದ್ದರಿಂದ ಆದೇಶದಲ್ಲಿ 30 ದಿನ ಎಂದಿದ್ದರೆ ಅದು ಆದೇಶದ ಆಯುಸ್ಸು. ಕಾಮಗಾರಿಯ ಆಯುಸ್ಸು ಅಷ್ಟೇ ಇರಬೇಕೆಂದಿಲ್ಲ.

ಕಾಂಕ್ರೀಟ್ ರಸ್ತೆಯಲ್ಲಿ ಇನ್ನೊಂದು ಲೆಕ್ಕ ತಪ್ಪುತ್ತದೆ. ಕಾಂಕ್ರೀಟ್ ಹಾಕಲು ನಾಲ್ಕೈದು ದಿನ ಸಾಕಾಗಬಹುದು. ಆದರೆ ಅದರ ಬಲವನ್ನು ಅಳೆಯುವುದು 28 ದಿನಕ್ಕೆ, ವಾಹನ ಬಿಡುವುದೂ ಸಾಮಾನ್ಯವಾಗಿ ಆಮೇಲೆಯೇ. ಒದ್ದೆ ಗೋಣಿ ಹೊದ್ದು ಮಲಗಿದ ರಸ್ತೆಯಲ್ಲಿ ಒಬ್ಬ ಕೆಲಸಗಾರನೂ ಕಾಣಿಸದಿದ್ದರೆ ಕೆಲಸ ನಿಂತಿದೆ ಎಂದು ಅರ್ಥವಲ್ಲ. ಅರ್ಧರ್ಧ ಅಗಲ ಮಾಡುವುದಾದರೆ ಈ ಕಾಯುವಿಕೆ, ಅಂದರೆ ಕ್ಯೂರಿಂಗ್, ಎರಡು ಸಲ. ಪ್ರಕಟಣೆಯಲ್ಲಿ 'ಕ್ಯೂರಿಂಗ್ ಸೇರಿ' ಎಂಬ ಎರಡು ಪದ ಇದ್ದರೆ ಅರ್ಧದಷ್ಟು ಫೋನ್ ಕರೆ ತಪ್ಪುತ್ತದೆ.

ಪೈಪ್‌ಲೈನಿನದು ಇನ್ನೂ ಉದ್ದ. ಕಂದಕ ತೋಡುವುದು, ಪೈಪು ಇಳಿಸುವುದು, ಮಣ್ಣು ಮುಚ್ಚುವುದು, ಮನೆಗಳಿಗೆ ಸಂಪರ್ಕ, ನೀರು ತುಂಬಿ ಒತ್ತಡದ ಪರೀಕ್ಷೆ, ಅದಾದ ಮೇಲೆ ರಸ್ತೆ ರಿಪೇರಿ. ಇಷ್ಟು ಹಂತಕ್ಕೆ ಜನರಿಗೆ ಬರುವ ಮೆಸೇಜು ಮೊದಲನೆಯದಕ್ಕೆ ಮಾತ್ರ. ಪರೀಕ್ಷೆಯಲ್ಲಿ ಸೋರಿದರೆ ಅಲ್ಲೇ ಮತ್ತೆ ಅಗೆಯಬೇಕಾದ್ದರಿಂದ ಅಲ್ಲಿಯವರೆಗೆ ಪಕ್ಕಾ ಡಾಂಬರು ಹಾಕುವುದಿಲ್ಲ. ಈ ಕಾರಣವನ್ನು ಒಂದು ಸಾಲಿನಲ್ಲಿ ಬರೆದರೆ ಸಾಕು, ಯಾರೂ ಬರೆಯುವುದಿಲ್ಲ. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್‌ನಲ್ಲಿ ಅಗೆಯುವವರು ಜಾಗ ಗುರುತಿಸಿದರೆ ಅಲ್ಲಿ ಕೇಬಲ್, ಪೈಪು ಇರುವ ಸಂಸ್ಥೆಗಳಿಗೆ ಎಚ್ಚರಿಕೆ ಹೋಗುತ್ತದೆ. ನೆಲದಡಿಯ ಕೇಬಲಿನ ಮಾಲೀಕನಿಗೆ ಸುದ್ದಿ ಮುಟ್ಟುತ್ತದೆ, ಅದರ ಎದುರಿನ ಮನೆಯವರಿಗೆ ಇಲ್ಲ!

ಖಾಸಗಿ ಕಟ್ಟಡವಾದರೆ ಹುಡುಕಾಟ ಸುಲಭ. 500 ಚದರ ಮೀಟರ್ ಜಾಗ ಅಥವಾ ಎಂಟು ಫ್ಲ್ಯಾಟ್ ಮೀರಿದ ಯೋಜನೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ನೋಂದಣಿಯಾಗಬೇಕು, ಮೂರು ತಿಂಗಳಿಗೊಮ್ಮೆ ಪ್ರಗತಿ ಹಾಕಬೇಕು. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ದಾಟಿದ್ದರೆ ಪರಿವೇಶ್ ಪೋರ್ಟಲಿನಲ್ಲಿ ಪರಿಸರ ಅನುಮತಿಯ ಕಡತ ನೋಡಬಹುದು. ಜಾಗದ ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ಅಲ್ಲೇ ನಿಂತು ದಿಶಾಂಕ್ ಆ್ಯಪ್ ತೆರೆಯಿರಿ.

ಇನ್ನು ಸುದ್ದಿ ಮುಟ್ಟಿಸುವ ಕಡೆಯವರಿಗೆ. ಕನ್ನಡ ಎಸ್‌ಎಂಎಸ್‌ಗೆ 70 ಅಕ್ಷರಸ್ಥಾನ ಮಾತ್ರ, ಇಂಗ್ಲಿಷಿಗೆ 160. ದಾಟಿದರೆ ಮೆಸೇಜು 67ರ ತುಂಡುಗಳಾಗುತ್ತದೆ, ಪ್ರತಿ ತುಂಡಿಗೂ ಬಿಲ್ಲು. ಕೊಂಬು, ದೀರ್ಘ, ಒತ್ತಿನ ಹಿಂದಿನ ಹಲಂತ ಎಲ್ಲವೂ ಬೇರೆಬೇರೆಯಾಗಿ ಎಣಿಕೆಗೆ ಬರುತ್ತವೆ. 'ಸಾರ್ವಜನಿಕರ ಗಮನಕ್ಕೆ' ಎಂದು ಶುರು ಮಾಡಿದರೆ ಏನೂ ಹೇಳದೆ 18 ಖರ್ಚು. ಬದಲಿಗೆ, ಮಾದರಿಗೆ, ಹೀಗೆ ಬರೆಯಬಹುದು:

ಬಿಜೈ-ಕುಂಟಿಕಾನ ರಸ್ತೆ ಬಂದ್ ನ.12ರಿಂದ ಡಿ.9. ಬದಲಿ: ಲೇಡಿಹಿಲ್-ಕೊಟ್ಟಾರ

ಇದು 62. ರಸ್ತೆ, ದಿನ, ಬದಲಿ ದಾರಿ ಮೂರೂ ಇವೆ.

ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ನಂಬಿ ಕೂರಬೇಡಿ. ಕಳಿಸುವವರ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಹೋಗುತ್ತದೆ, ಒಂದು ಪಟ್ಟಿಗೆ 256 ಜನರ ಮಿತಿ. ಚಾನೆಲ್‌ಗೆ ಆ ತಾಪತ್ರಯವಿಲ್ಲ, ಆದರೆ ಅದರ ಹಳೆಯ ಪೋಸ್ಟ್‌ಗಳು ಸರ್ವರಿನಲ್ಲಿ ಉಳಿಯುವುದು 30 ದಿನ. ಆರು ತಿಂಗಳ ಕಾಮಗಾರಿಯ ಮೊದಲ ಪ್ರಕಟಣೆ ಎರಡನೇ ತಿಂಗಳಿಗೆ ಸೇರಿದವರಿಗೆ ಕಾಣುವುದೇ ಇಲ್ಲ. ಫಾರ್ವರ್ಡ್ ಆಗುವ ಚಿತ್ರವಾದರೆ ಇಸವಿಯನ್ನು ಚಿತ್ರದೊಳಗೇ ಬರೆಯಿರಿ. ಇಲ್ಲದಿದ್ದರೆ ಹಿಂದಿನ ವರ್ಷದ 'ನಾಳೆಯಿಂದ ರಸ್ತೆ ಬಂದ್' ಈ ವರ್ಷ ಮತ್ತೆ ಓಡಾಡುತ್ತದೆ.

ಪಿಡಿಎಫ್ ಹಾಕುವುದಾದರೆ ಯೂನಿಕೋಡ್‌ನಲ್ಲಿ ಹಾಕಿ. ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಪ್ರಕಟಣೆ ಕಣ್ಣಿಗೆ ಅಚ್ಚ ಕನ್ನಡ, ಕಂಪ್ಯೂಟರಿಗೆ ಮಾತ್ರ ತಲೆ ಮೇಲೆ ಚುಕ್ಕಿ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಗೊಂಚಲು. 'ಕದ್ರಿ' ಎಂದು ಹುಡುಕಿದವರಿಗೆ ಅದು ಸಿಗುವುದಿಲ್ಲ. ಸ್ಕ್ಯಾನ್ ಮಾಡಿದ್ದಾದರೆ ಅಷ್ಟೂ ಇಲ್ಲ.

ಬ್ಯಾರಿಕೇಡಿನ ಕ್ಯೂಆರ್ ಕೋಡನ್ನು ಪಿಡಿಎಫ್‌ಗೆ ಜೋಡಿಸುವುದು ಇನ್ನೊಂದು ಎಡವಟ್ಟು. ದಿನಾಂಕ ಮುಂದೆ ಹೋದಾಗ ಹೊಸ ಕಡತ, ಹೊಸ ಕೊಂಡಿ, ಬೋರ್ಡಿನ ಮೇಲೆ ಮಾತ್ರ ಹಳೆಯ ಕೋಡು. ಕಾಮಗಾರಿಗೊಂದು ಸ್ಥಿರ ಪುಟ ಮಾಡಿ ಕೋಡು ಅಲ್ಲಿಗೇ ಹೋಗಲಿ. ಪುಟದ ತಲೆಯಲ್ಲಿ ಕೊನೆಯ ಬಾರಿ ತಿದ್ದಿದ ದಿನ, ಹಳೆಯ ಗಡುವು, ಹೊಸ ಗಡುವು, ತಡದ ಕಾರಣ, ವಾರ್ಡಿನ ಜೂನಿಯರ್ ಎಂಜಿನಿಯರ್ (ಜೆಇ) ಕಚೇರಿಯ ನಂಬರ್ ಇರಲಿ. ಕೋಡನ್ನು ಬೋರ್ಡಿನ ಕೆಳಮೂಲೆಯಲ್ಲಿ ಅಚ್ಚು ಹಾಕಬೇಡಿ. ಬಸ್ಸು ಎರಚುವ ಕೆಂಪು ಕೆಸರು ಮೊದಲು ಬೀಳುವುದು ಅಲ್ಲಿಗೇ. ನಿಂತವರ ಎದೆಯ ಮಟ್ಟಕ್ಕೆ, ಫುಟ್‌ಪಾತ್ ಕಡೆಗೆ ಮುಖ ಮಾಡಿ ಅಂಟಿಸಿ.